ಮರಿಆಯಿ ಸೀರೆ ಹೊದ್ದ ಕೂಸು

ಕಳೆದ ಮಂಗಳವಾರ ನನ್ನ ಬೆನ್ನ ಹಿಂದೆ ಒಂದು ಕೂಸು ಅಳುತ್ತಿತ್ತು. ನಾನು ತಿರುಗಿ ನೋಡಲಿಲ್ಲ.

ಮೊದಲೇ ಹೇಳಿಬಿಟ್ಟೆ. ಬೈಯುವವರು ಬೈಯಿರಿ, ಆದರೆ ಪೂರ್ತಿ ಓದಿ ಬೈಯಿರಿ.

ನಮ್ಮ ಉಮರ್ಗಾದಲ್ಲಿ ಇಲಿ ಬಿದ್ದು ಇಪ್ಪತ್ತು ದಿನವಾಯಿತು. ಇಲಿ ಸತ್ತವೆಂದರೆ ಹಿಂದೆಯೇ ಪ್ಲೇಗು. ಊರಿಗೆ ಊರೇ ಕದ ಹಾಕಿಕೊಂಡು ಹೊಲಗಳಲ್ಲಿ ಗುಡಿಸಲು ಹೂಡಿದೆ. ನಾನೂ ನಮ್ಮವ್ವನೂ ಸೋದರಮಾವನ ಜೋಳದ ಹೊಲದಲ್ಲಿದ್ದೇವೆ. ಈ ಕಾಲಂ ಬರೆಯುತ್ತಿರುವುದು ಹಿಟ್ಟಿನ ಡಬ್ಬಿಯ ಮೇಲೆ ಕಾಗದ ಇಟ್ಟುಕೊಂಡು. (ಅಕ್ಷರ ಸೊಟ್ಟಗಿದ್ದರೆ ಸಂಪಾದಕರು ಹೊಟ್ಟೆಗೆ ಹಾಕಿಕೊಳ್ಳಬೇಕು.) ಶಾಲೆಗೆ ಬೀಗ ಬಿದ್ದಿದೆ, ಮಾಸ್ತರನಿಗೆ ಕೆಲಸವಿಲ್ಲ.

ಹಾಗಾಗಿ ಮರಿಆಯಿ ಗಾಡಿ ಎಳೆಯಲು ನನ್ನನ್ನೂ ಕರೆದರು. ಬೇರೆ ಕಡೆಯ ಓದುಗರಿಗೆ ಹೇಳುತ್ತೇನೆ: ಮರಿಆಯಿ ಎಂದರೆ ರೋಗದ ದೇವತೆ. ಪುಟ್ಟ ಕಟ್ಟಿಗೆಯ ಗಾಡಿಯಲ್ಲಿ ಆಕೆಯನ್ನು ಕೂಡಿಸಿ, ಹೊಸ ಹಸಿರು ಸೀರೆ, ಬಳೆ, ನಿಂಬೆಹಣ್ಣು ಇಟ್ಟು ಊರ ಗಡಿ ದಾಟಿಸಿ ಬರುತ್ತೇವೆ. ಮುಂದಿನ ಊರಿನವರು ತಮ್ಮ ಗಡಿ ದಾಟಿಸುತ್ತಾರೆ. ಅಂದರೆ, ರೋಗ ಪಕ್ಕದ ಊರಿಗೆ ಹೋಗಲಿ ಎಂದು ಭಕ್ತಿಯಿಂದ ಬೇಡಿಕೊಳ್ಳುವುದು! ಒಂದು ನೇಮ ಮಾತ್ರ ಕಟ್ಟುನಿಟ್ಟು. ಗಾಡಿ ಬಿಟ್ಟು ಬರುವಾಗ ಹಿಂತಿರುಗಿ ನೋಡಬಾರದು. ನೋಡಿದರೆ ಆಕೆ ಬೆನ್ನು ಹತ್ತಿ ಬರುತ್ತಾಳೆ.

ನಟ್ಟ ನಡು ಮಧ್ಯಾಹ್ನ. ನಿಲಂಗಾ ದಾರಿಯ ಗಡಿಯಲ್ಲಿ, ಬೇವಿನ ಮರದ ಕೆಳಗೆ ಗಾಡಿ ಬಿಟ್ಟು ಐದು ಜನ ಹೊರಟೆವು. ಇಪ್ಪತ್ತು ಹೆಜ್ಜೆ ಬಂದಿರಬೇಕು. ಹಿಂದಿನಿಂದ ಕೂಸಿನ ಅಳು.

ಎಲ್ಲರಿಗೂ ಕೇಳಿಸಿತು. ಎಲ್ಲರ ಹೆಜ್ಜೆಯೂ ನಿಂತಿತು.

"ಮಾಸ್ತರ್ರ, ತಿರುಗಬ್ಯಾಡ್ರಿ," ಎಂದ ಮಾಲಪ್ಪ. ಕುರಿ ಸಾಕುವ ಮನುಷ್ಯ, ಬೀರಪ್ಪನ ಭಕ್ತ, ನಮ್ಮಲ್ಲಿ ಹಿರಿಯ. "ಆಕಿ ಹಂಗ ಕರೀತಾಳ."

ಪ್ಲೇಗು ತರುವುದು ಇಲಿ, ದೇವತೆಯಲ್ಲ ಎಂದು ಇದೇ ಕಾಲಮ್ಮಿನಲ್ಲಿ ಹೋದ ತಿಂಗಳು ಬರೆದವನು ಯಾರು? ನಾನೇ! ಆದರೂ ಕುತ್ತಿಗೆ ತಿರುಗಲಿಲ್ಲ.

ಗುಡಿಸಲಿಗೆ ಬಂದು ಅವ್ವನಿಗೆ ಹೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ನೋಡಿದೇನು?"

"ಇಲ್ಲಬೇ. ದೇವಿ ಕರೀತಾಳಂತ."

"ದೇವಿಗಿ ಹಾಲಿನ ಹಸಿವಿ ಯಾವಾಗಿಂದ ಶುರು ಆತೋ, ಖೋಡಿ?"

ಹಾಲಿನ ತಂಬಿಗೆ ಹಿಡಿದು ಹೊರಟೇಬಿಟ್ಟಳು. ನಾನು ಹಿಂದೆ ಹಿಂದೆ ಓಡಿದೆ.

ಬೇವಿನ ಕೆಳಗೆ ಗಂಡ, ಹೆಂಡತಿ, ಅವಳ ಮಡಿಲಲ್ಲಿ ವರ್ಷದ ಹೆಣ್ಣುಕೂಸು. ಕೂಸಿಗೆ ಹೊದಿಸಿದ್ದು ಮರಿಆಯಿಯ ಹಸಿರು ಸೀರೆ! ಚಳಿಜ್ವರದಲ್ಲಿ ನಡುಗುತ್ತಿತ್ತಂತೆ. ನಾವು ಗಾಡಿ ತಂದಾಗ ಹೆದರಿ ಮುಳ್ಳುಕಂಟಿಯ ಮರೆಗೆ ಕುಳಿತಿದ್ದವರು, ನಾವು ಹೋದ ಮೇಲೆ ಬಂದು ಸೀರೆ ಎತ್ತಿಕೊಂಡಿದ್ದಾರೆ. ಹೊಡೆಯಲು ಬಂದೆವೆಂದು ಆ ತಾಯಿ ಅವ್ವನ ಕಾಲು ಹಿಡಿದಳು. "ಮಾಫ್ ಕರೋ, ಮಾ."

"ಇರ್ಲಿ ಬಿಡ ಯವ್ವಾ," ಎಂದಳು ಅವ್ವ. "ನಡುಗೋ ಕೂಸಿಗಿ ತನ್ನ ಸೀರಿ ಕೊಡಲಾರದಾಕಿ ಎಂಥಾ ದೇವಿ?"

ಕೂಸು ತಂಬಿಗೆ ಬಿಡದೆ ಹಾಲು ಕುಡಿಯಿತು. ನನಗೆ ಎಲ್ಲಿ ಮುಖ ಇಟ್ಟುಕೊಳ್ಳಲಿ ಎನಿಸಿತು.

ಗಂಡನ ಹೆಸರು ನರ್ಸಯ್ಯ, ತೆಲಂಗಾಣದ ನೇಕಾರ. ಮನೆಯಲ್ಲಿ ಮಗ್ಗವಿತ್ತು. ವಿಲಾಯತಿ ಬಟ್ಟೆ ಸಂತೆಗೆ ಬಂತು, ಮಗ್ಗ ಮಲಗಿತು. ಹೊಟ್ಟೆಪಾಡಿಗೆ ಸೊಲ್ಲಾಪುರದ ಮಿಲ್ಲು ಸೇರಿದ. ಈಗ ಪ್ಲೇಗಿನಿಂದ ಮಿಲ್ಲೂ ಬಂದ್. ಊರಿಗೆ ಹೊರಟವರನ್ನು ಇಂಗ್ಲಿಷರ ಗಡಿಯಲ್ಲಿ ಹಿಡಿದು ಹತ್ತು ದಿನ ಕ್ಯಾಂಪಿನಲ್ಲಿ ಕೂಡಿಹಾಕಿದರು. ಗಂಡಸು ಹೆಂಗಸು ಎನ್ನದೆ ಎಲ್ಲರ ಮುಂದೆ, ಪ್ಲೇಗಿನ ಗಂಟಿದೆಯೇ ಎಂದು ಕಂಕುಳು ಮುಟ್ಟಿ ನೋಡಿದರು. ಅದೇ ತಪಾಸಣೆ ನಾಕೆಯಲ್ಲಿ ಟೋಪಿ ಹಾಕಿದ ಸಾಹೇಬನೊಬ್ಬ ಟಾಂಗಾದಲ್ಲಿ ದಾಟಿಹೋದ. ಅವನ ಕಂಕುಳು ಯಾರು ನೋಡಿದರು? ಸಲಾಮು ಹೊಡೆದರು. ಬಿಳಿ ತೊಗಲಿಗೆ ಪ್ಲೇಗು ಹತ್ತುವುದಿಲ್ಲವೇನೋ!

ಇವನ ಮಗ್ಗ ಕಸಿದ ಬಟ್ಟೆ ಹಡಗಿನಲ್ಲಿ ಬಂತು. ಪ್ಲೇಗೂ ಹಡಗಿನಲ್ಲೇ ಬಂತೆನ್ನುತ್ತಾರೆ. ಎರಡನ್ನೂ ಯಾರೂ ತಡೆಯಲಿಲ್ಲ. ತಡೆದದ್ದು ಕೂಸು ಹೊತ್ತು ನಡೆಯುವವರನ್ನು. ಆದರೆ ಸಾಹೇಬರದೊಂದೇ ತಪ್ಪೆಂದು ನಾನು ಹೇಗೆ ಹೇಳಲಿ? ಕ್ಯಾಂಪಿನಿಂದ ಬಿಟ್ಟ ಮೇಲೆ ನಮ್ಮ ಕಡೆಯ ಐದು ಊರುಗಳು ಇವರನ್ನು ಮುಂದಕ್ಕೆ ಅಟ್ಟಿವೆ. ಒಂದು ಗುಟುಕು ನೀರಿಗೂ ಗತಿಯಿಲ್ಲ. ಮರಿಆಯಿಯ ಗಾಡಿಗಾದರೂ ಕುಂಕುಮ ಹಚ್ಚಿ ಕಳಿಸುತ್ತೇವೆ.

ಅವ್ವ ಅವರನ್ನು ಕರೆದುಕೊಂಡೇ ಬಂದಳು. ಗುಡಿಸಲುಗಳಲ್ಲಿ ಗದ್ದಲವೋ ಗದ್ದಲ.

ಮಾಲಪ್ಪ ದಾರಿಗೆ ಅಡ್ಡ ನಿಂತ. "ಯಕ್ಕಾ, ಆಯಿ ಸೀರಿ ಮುಟ್ಯಾರ. ಪರದೇಶಿ ಮಂದಿ. ನಾಳಿ ಯಾರರ ಜಡ್ಡು ಬಿದ್ರ?"

"ಬಿದ್ರ ಮೊದಲ ನಾ ಬೀಳ್ತೀನಿ. ಮಾಲಪ್ಪಾ, ಕುರಿ ಹೊಡಕೊಂಡು ನೀ ಎಷ್ಟು ಊರ ಹೊಲದಾಗ ಮಲಗೀದಿ? ಯಾರರ ನಿನ್ನ ಎಬ್ಬಿಸಿ ಅಟ್ಯಾರೇನು?"

ಇಲ್ಲ ಎನ್ನುತ್ತಾನೆಂದು ಅವ್ವ ಕಾದಳು. ಮಾಲಪ್ಪ ನೆಲ ನೋಡಿದ.

"ಅಟ್ಯಾರ," ಎಂದ. "ಒಂದೂರಾಗ ಕಲ್ಲು ಹೊಡದ್ರು. ನನ್ನ ಹೇಣ್ತಿ ಬಸುರಿದ್ಳು."

ಅವನೇ ಹೋಗಿ ಬಿದಿರ ಗಳ ತಂದ. ಮೂವತ್ತು ಹೆಜ್ಜೆ ದೂರದಲ್ಲಿ ಗುಡಿಸಲು ಎದ್ದಿತು. ಬೆಳಿಗ್ಗೆ ಅದರ ಮುಂದೆ ಹಾಲು ಕೊಡುವ ಆಡೊಂದನ್ನು ಕಟ್ಟಿದ್ದ.

ಕೂಸಿನ ಜ್ವರ ಇಳಿದಿದೆ. ನಿನ್ನೆ ನರ್ಸಯ್ಯ ಸೊಂಟದಿಂದ ಒಂದು ಕಾಗದ ತೆಗೆದು ತೋರಿಸಿದ. ಕ್ಯಾಂಪಿನ ಡಾಕ್ಟರ್ ಕೊಟ್ಟ ಇಂಗ್ಲಿಷ್ ಚೀಟಿ: ಇವರಿಗೆ ಪ್ಲೇಗು ಇಲ್ಲ. ಐದು ಊರಲ್ಲಿ ಅದನ್ನು ಓದುವವರು ಸಿಗಲಿಲ್ಲವಂತೆ. ಆರನೆಯದಾದ ನಮ್ಮೂರಲ್ಲಿ ಓದಬಲ್ಲವನೊಬ್ಬನಿದ್ದ. ಅವನು ಏನು ಮಾಡಿದನೆಂದು ನಿಮಗೆ ಗೊತ್ತೇ ಇದೆ.

ಅದರ ಕೆಳಗೆ ಉರ್ದು, ಮರಾಠಿ, ಕನ್ನಡದಲ್ಲಿ ನಾನೂ ಬರೆಯಲು ಕುಳಿತೆ. ಏನೆಂದು ಬರೆಯಲಿ? ಅವ್ವನನ್ನು ಕೇಳಿದೆ.

"ನಮ್ಮ ಮಂದಿ ಅಂತ ಬರಿ. ಕೂಸಿಗಿ ಹಾಲು ಕೊಡ್ರಿ ಅಂತ ಬರಿ."

ಹಾಗೆಯೇ ಬರೆದೆ. ಬರುವ ಸೋಮವಾರ ಅವರು ನಿಲಂಗಾ, ಉದಗೀರ ದಾಟಿ ತಮ್ಮ ಊರಿನ ದಾರಿ ಹಿಡಿಯುತ್ತಾರೆ. ಆ ದಾರಿಯಲ್ಲಿ ನಿಮ್ಮ ಊರೂ ಬರುತ್ತದಲ್ಲವೇ?