ಸಿಸ್ಟರಮ್ಮನ ಕೊನೆಯ ಪ್ರಸಾದ

ಮೊನ್ನೆ ಮೊಮ್ಮಗಳಿಗೆ ಹೊಟ್ಟೆ ಕಟ್ಟಿದೆಯೆಂದು ಒಣದ್ರಾಕ್ಷಿ ಕುದಿಸಲು ಇಟ್ಟಿದ್ದೆ. ಆ ಸಿಹಿ ವಾಸನೆ ಅಡುಗೆಮನೆ ತುಂಬಿದ್ದೇ ತಡ, ಗಂಗಾವತಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಸಿಸ್ಟರಮ್ಮ ಕಣ್ಣ ಮುಂದೆ ಬಂದರು. ಒಲೆ ಆರಿಸಿ ಕೂತುಬಿಟ್ಟೆ.

ಸರ್ಕಾರಿ ದವಾಖಾನೆಯ ನರ್ಸು ಅವರು. ನನ್ನ ಹೆರಿಗೆ ಮಾಡಿಸಿದ್ದೂ ಅವರೇ. ಹುಟ್ಟಿದ್ದು ಮುದಗಲ್ಲಿನ ಹಳೇ ಕ್ಯಾಥೊಲಿಕ್ ಮನೆತನದಲ್ಲಿ. ಮೆಚ್ಚಿ ಮದುವೆಯಾದದ್ದು ಪ್ರಾಟೆಸ್ಟಂಟ್ ಮಾಸ್ತರರನ್ನು, ಅದೂ ಅವರ ಚರ್ಚಿನಲ್ಲಿ. ಇಬ್ಬರ ದೇವರೂ ಏಸುವೇ ಅಲ್ಲವೇ, ಜಗಳವೇನು ಬಂತು ಎಂದು ನಾನು ನಗುತ್ತಿದ್ದೆ. ಜಗಳವಿತ್ತು. ಪಾದ್ರಿ ಪ್ರಾರ್ಥಿಸಿ ಕೊಡುವ ರೊಟ್ಟಿ ಆಮೇಲೆ ರೊಟ್ಟಿಯಲ್ಲ, ಕ್ರಿಸ್ತನ ಮೈಯೇ ಎಂದು ತವರು ಕಲಿಸಿತ್ತು. ಅಲ್ಲಿ ಅದಕ್ಕೆ ಪ್ರಸಾದವೆಂದೇ ಹೆಸರು. ಮಾಸ್ತರರಿಗೆ ಅದು ಕ್ರಿಸ್ತನ ಸಾವನ್ನು ನೆನೆಯುವ ಊಟ, ಅಷ್ಟೇ, ರೊಟ್ಟಿ ರೊಟ್ಟಿಯೇ. ಎತ್ತು ಏರಿಗೆಳೆದರೆ ಕೋಣ ನೀರಿಗೆ. ಹೊರಗೆ ಮದುವೆಯಾದವಳೆಂದು ತವರಿನ ಚರ್ಚಿನಲ್ಲಿ ಸಿಸ್ಟರಮ್ಮನಿಗೆ ಪ್ರಸಾದ ಕೊಡುತ್ತಿರಲಿಲ್ಲ. ಗಂಡನ ಚರ್ಚಿನಲ್ಲಿ ಕೊಟ್ಟದ್ದನ್ನೇ ತಿನ್ನುತ್ತಿದ್ದರು.

ಅಲ್ಲಿ ರೊಟ್ಟಿಯ ಜೊತೆ ಕೊಡುವ ದ್ರಾಕ್ಷಾರಸವೆಂದರೆ ಒಣದ್ರಾಕ್ಷಿ ಕುದಿಸಿ ಸೋಸಿದ ನೀರು. ಅದನ್ನು ಮಾಡುವ ಕೆಲಸ ಇವರದೇ. ಒಮ್ಮೆ ಕುದಿಸುತ್ತಾ ಹೇಳಿದರು: “ನಾನ ಕುದಿಸೀನಿ, ನಾನ ಸೋಸೀನಿ. ಇದರಾಗ ಆತ ಬರ್ತಾನೋ ಇಲ್ಲೋ, ನನಗ ತಿಳೀವಲ್ದು ತಂಗಿ.”

ಒಂದು ಭಾನುವಾರ ಚರ್ಚು ಕಾಯುವಾತ ಉಳಿದ ರೊಟ್ಟಿಯನ್ನು ಕೋಳಿಗಳಿಗೆ ಹಾಕಿಬಿಟ್ಟ. ಸಿಸ್ಟರಮ್ಮ ಓಡಿಹೋಗಿ, ಕೋಳಿಗಳ ನಡುವೆ ಕುಕ್ಕರುಗಾಲಲ್ಲಿ ಕೂತು ಚೂರುಗಳನ್ನು ಸೆರಗಿಗೆ ಆರಿಸಿಕೊಂಡರು. ಜನರೆದುರು ಮಾನ ಕಳೆದೆಯೆಂದು ಮಾಸ್ತರರು ಓಣಿಗೆಲ್ಲ ಕೇಳುವಂತೆ ಬೈದರು. ನಮ್ಮತ್ತೆ, ಉಂಡ ತಾಟನ್ನು ತೊಳೆದು ಆ ನೀರನ್ನೂ ಪ್ರಸಾದವೆಂದು ಕುಡಿಯುವ ಲಿಂಗವಂತ ಹೆಂಗಸು, ಸಿಸ್ಟರಮ್ಮನ ಪರ ನಿಂತಳು. ತವರಿನ ಚರ್ಚಿನಲ್ಲಿ ಚೂರು ಕೆಳಗೆ ಬಿದ್ದರೆ ಫಾದರೇ ಬಗ್ಗಿ ಎತ್ತಿ ಬಾಯಿಗೆ ಹಾಕಿಕೊಳ್ಳುತ್ತಾರೆಂದು ಅವತ್ತು ನಮಗೆ ತಿಳಿಯಿತು.

ಮುಂದೆ ಅವರಿಗೆ ಗಂಟಲಿನ ಕ್ಯಾನ್ಸರ್ ಬಂತು... ಮಾಸ್ತರರ ಪಾಸ್ಟರು ರೊಟ್ಟಿ ತಂದರೆ ಗೋಡೆಯ ಕಡೆ ಮುಖ ತಿರುಗಿಸಿದರು. ಗಂಡನ ಕೈ ಹಿಡಿದು, ಉಸಿರಿನಷ್ಟು ಸಣ್ಣ ದನಿಯಲ್ಲಿ, “ನಮ್ಮ ಫಾದರನ್ನ ಕರಸ್ರಿ” ಎಂದರು. ಮಾಸ್ತರರು ಎದ್ದು ಹೊರಗೆ ಹೋದರು. ಕರೆಸಿದರೆ, ಇಷ್ಟು ವರ್ಷ ತನ್ನ ಚರ್ಚಿನಲ್ಲಿ ಹೆಂಡತಿ ಉಂಡದ್ದು ಲೆಕ್ಕಕ್ಕೇ ಇಲ್ಲ ಎಂದು ಒಪ್ಪಿದಂತೆ. ನನಗೆ ಅವರ ಮೇಲೆ ಕೆಟ್ಟ ಸಿಟ್ಟು ಬಂದಿತ್ತು. ಕಡೆಗೆ ಅವರೇ ಹೋಗಿ ಫಾದರನ್ನು ಕರೆತಂದರು. ಅಷ್ಟರಲ್ಲಿ ಸಿಸ್ಟರಮ್ಮನಿಗೆ ನೀರೂ ಇಳಿಯುತ್ತಿರಲಿಲ್ಲ.

ಸಾಯುವ ಹೊತ್ತಿನಲ್ಲಿ ಹಳೆಯ ತಡೆ ಇಲ್ಲವೆಂದು ಫಾದರು ಪ್ರಸಾದದ ಒಂದು ಸಣ್ಣ ಚೂರನ್ನು ನೀರಿನೊಂದಿಗೆ ಚಮಚದಲ್ಲಿ ನಾಲಿಗೆಯ ಮೇಲಿಟ್ಟರು. ಸಿಸ್ಟರಮ್ಮ ಕಣ್ಣು ಮುಚ್ಚಿ ನುಂಗಲು ನೋಡಿದರು. ಕೆಮ್ಮು ಬಂತು. ಚೂರು ನೆಲಕ್ಕೆ ಬಿತ್ತು. ಫಾದರು ಬಗ್ಗುವ ಮೊದಲೇ ಮಾಸ್ತರರು ಮೊಣಕಾಲೂರಿ, ಅದನ್ನು ಬೆರಳಿಂದ ಎತ್ತಿ ತಮ್ಮ ಬಾಯಿಗೆ ಹಾಕಿಕೊಂಡರು. ಸಿಸ್ಟರಮ್ಮ ನೋಡುತ್ತಿದ್ದರು. ಇನ್ನೊಂದು ಚೂರು ಕೊಡುವ ಮೊದಲೇ ಉಸಿರು ನಿಂತಿತು.

ಮಣ್ಣು ಮಾಡಿ ಬಂದ ಮೇಲೆ ಮಾಸ್ತರರು ನಮ್ಮ ಕಟ್ಟೆಗೆ ಬಂದು ಕೂತರು. ಕೇಳಿದರು: “ಆಕಿಗಿ ಅದು ಮುಟ್ಟಿತೇನವ್ವಾ? ಆಕೀದು ನಾ ತಿಂದೆನಲ್ಲ...”

“ಮುಟ್ಟೇತ್ರಿ, ಸರ” ಎಂದೆ. ನನಗೇನು ಗೊತ್ತಿತ್ತು? ಅವರೂ ನಂಬಲಿಲ್ಲ. ಆಮೇಲೆ ಅವರು ಚರ್ಚಿಗೆ ಹೋದರೂ ರೊಟ್ಟಿ ಹಂಚುವಾಗ ಎದ್ದು ಹೊರಗೆ ಬಂದುಬಿಡುತ್ತಿದ್ದರಂತೆ.

ಈಗ ಅವರೂ ಇಲ್ಲ. ಮೊಮ್ಮಗಳು ಕುಡಿದು ಬಿಟ್ಟ ದ್ರಾಕ್ಷಿ ನೀರು ಲೋಟದ ತಳದಲ್ಲಿ ಆರುತ್ತಿತ್ತು. ಮುಟ್ಟಿತೋ ಇಲ್ಲವೋ ಹೇಳಬಲ್ಲವರು ಸಿಸ್ಟರಮ್ಮ ಒಬ್ಬರೇ... ಕೇಳೋಣವೆಂದರೆ ಗಂಗಾವತಿಯ ಆ ಪಕ್ಕದ ಮನೆಯಲ್ಲಿ ಈಗ ಬೇರೆ ಯಾರೋ ಇದ್ದಾರೆ.