ನಾಲ್ಕು ಮನೆ ಸುತ್ತಿದ ತೊಟ್ಟಿಲು

ಆ ವರ್ಷಗಳ ನನ್ನ ಡೈರಿ ಈಗಲೂ ಇದೆ. ಪುಟಗಳಲ್ಲಿ ಅಲ್ಲಲ್ಲಿ ನೀಲಿ ಕಲೆಗಳಿವೆ. ಅವು ನಾವು ರಕ್ತಪರೀಕ್ಷೆಗೆ ಬಳಸುತ್ತಿದ್ದ ಬಣ್ಣದ ಕಲೆಗಳೆಂದು ಎಲ್ಲರಿಗೂ ಹೇಳುತ್ತ ಬಂದಿದ್ದೇನೆ. ಮೊನ್ನೆ ನೆನಪಾಯಿತು, ಆ ಬಣ್ಣ ಹಳದಿ. ಆರೋಗ್ಯವಾಗಿರುವ ಬಿಳಿ ರಕ್ತಕಣದೊಳಗೆ ಹೋದ ಮೇಲೆ ಮಾತ್ರ ಅದು ನೀಲಿಯಾಗುತ್ತದೆ. ಹಾಗಾದರೆ ಕಲೆಗಳು ಬರೀ ಶಾಯಿಯವು. ಮುಂದಿನದನ್ನೂ ಇಷ್ಟು ಅನುಮಾನ ಇಟ್ಟುಕೊಂಡೇ ಬರೆಯುತ್ತಿದ್ದೇನೆ.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ಎಂ.ಎಸ್ಸಿ. ಮುಗಿಸಿ ಸಾಗರದ ಮನೆಯಲ್ಲಿ ಕೂತಿದ್ದ ನನಗೆ ಘಟ್ಟದ ಕೆಳಗಿನ ಒಂದು ಮೆಡಿಕಲ್ ಕಾಲೇಜಿನಲ್ಲಿ ಸಂಶೋಧನಾ ಸಹಾಯಕಿಯ ಕೆಲಸ ಸಿಕ್ಕಿತ್ತು. ನಮ್ಮ ಪ್ರೊಫೆಸರರು ಅಪರೂಪದ ಒಂದು ಕಾಯಿಲೆಯ ಬೆನ್ನು ಹತ್ತಿದ್ದರು. ಅದಿರುವ ಮಕ್ಕಳ ಬಿಳಿ ಕಣಗಳು ಕ್ರಿಮಿಗಳನ್ನು ನುಂಗುತ್ತವೆ, ಕೊಲ್ಲಲಾರವು. ಗಡ್ಡೆ, ಕೀವು, ಬಿಟ್ಟು ಬಿಟ್ಟು ಜ್ವರ. ಹೆಚ್ಚಾಗಿ ಗಂಡುಮಕ್ಕಳಿಗೆ ಬರುತ್ತದೆ, ತಾಯಿಯ ಮೂಲಕ ಬರುತ್ತದೆ. ತಾಯಿ ಮಾತ್ರ ಆರೋಗ್ಯವಾಗಿಯೇ ಇರುತ್ತಾಳೆ. ಅವಳ ರಕ್ತವನ್ನು ಆ ಬಣ್ಣದಲ್ಲಿಟ್ಟರೆ ಸುಮಾರು ಅರ್ಧ ಕಣಗಳು ನೀಲಿಯಾಗುತ್ತವೆ, ಇನ್ನರ್ಧ ಆಗುವುದಿಲ್ಲ.

ಹೊಸನಗರದ ಕಡೆಯ ನಾಲ್ಕು ವರ್ಷದ ಒಂದು ಮಗು ಕಂಕುಳಲ್ಲಿ ಕೀವಾಗಿ ನಮ್ಮ ಆಸ್ಪತ್ರೆಗೆ ಬಂದಿತ್ತು. ಅದರ ಅಣ್ಣ ಹೀಗೇ ತೀರಿಕೊಂಡಿದ್ದ. ಕಾಯಿಲೆ ಯಾವುದೆಂದು ತಿಳಿದ ಮೇಲೆ ಮನೆಯವರ ರಕ್ತ ನೋಡಲು ನಾವೇ ಹೊರಟೆವು. ಕಣಗಳು ಜೀವಂತವಾಗಿರುವಾಗಲೇ ಪರೀಕ್ಷೆ ಆಗಬೇಕು, ಬಸ್ಸಿನಲ್ಲಿ ತರುವ ಹಾಗಿಲ್ಲ. ಮೈಕ್ರೋಸ್ಕೋಪನ್ನು ಮಡಿಲಲ್ಲಿಟ್ಟುಕೊಂಡು ಆಗುಂಬೆ ಘಾಟಿ ಹತ್ತಿದ್ದು, ತೀರ್ಥಹಳ್ಳಿಯಲ್ಲಿ ಬಸ್ಸು ಬದಲಿಸಿ ಅವಲಕ್ಕಿ ತಿಂದದ್ದು ಇವತ್ತಿಗೂ ಬಾಯಲ್ಲಿ ರುಚಿಯಾಗಿ ಉಳಿದಿದೆ. ನನ್ನ ಇಡೀ ಬದುಕಿನಲ್ಲಿ ನಾನು ಅಷ್ಟು ಹುರುಪಿನಿಂದ ಇದ್ದ ಬೆಳಗುಗಳು ಕಡಿಮೆ.

ಜಗಲಿಯಲ್ಲಿ ಕೂತಿದ್ದ ಮಗುವಿನ ಅಜ್ಜ, ಆ ಮನೆಯ ಯಜಮಾನರು, ನಮ್ಮ ಪೆಟ್ಟಿಗೆ ನೋಡಿ ಹೇಳಿದರು: "ಮಂಗನ ಕಾಯಿಲೆಯವ್ರಾ? ಹೋದ್ವರ್ಷನೇ ರಕ್ತ ಕೊಟ್ಟಾಯ್ತಲ್ಲ. ಕುಡೀತೀರಾ ಎಂತ ಅದನ್ನ?"

ನಾವು ಮಗುವಿನ ವಿಷಯಕ್ಕೆ ಬಂದವರೆಂದು ತಿಳಿದ ಮೇಲೆ ಅವರು ಏಳು ತಲೆಮಾರಿನ ವಂಶಾವಳಿ ಬರೆಸಿದರು. ಒಂದು ಹೆಣ್ಣಿನ ಹೆಸರೂ ಇರಲಿಲ್ಲ. ಪ್ರೊಫೆಸರರು ತಾಳ್ಮೆಯಿಂದ ಎಲ್ಲ ಬರೆದುಕೊಂಡರು. ಕೊನೆಗೆ ಯಜಮಾನರು ದನಿ ತಗ್ಗಿಸಿದರು. "ನಮ್ಮಲ್ಲಿ ಯಾರಿಗೂ ಹಿಂಗಾಗಿಲ್ಲ ಡಾಕ್ಟ್ರೇ. ದೋಷ ಆ ಹುಡುಗಿ ಕಡೇದು ಅಂತ ನೀವೊಂದು ಮಾತು ಹೇಳಿ, ಅವಳನ್ನ ತೌರಿಗೆ ಕಳ್ಸಿ ಮಗಂಗೆ ಇನ್ನೊಂದು ಸಂಬಂಧ ನೋಡ್ತೀನಿ."

ಈ ಮಾತನ್ನು ನಾನು ಅಡುಗೆಮನೆಗೆ ಹೋಗುವ ಮೊದಲೇ ಕೇಳಿದ್ದೆನೋ, ಹೊರಗೆ ಬಂದ ಮೇಲೆ ಪ್ರೊಫೆಸರರು ಹೇಳಿದರೋ? ಎಷ್ಟು ಸಲ ಕೇಳಿಕೊಂಡಿದ್ದೇನೆ. ಡೈರಿಯಲ್ಲಿ ಆ ದಿನ ಸ್ಲೈಡುಗಳ ಲೆಕ್ಕ ಬಿಟ್ಟು ಬೇರೇನೂ ಇಲ್ಲ. ಊಟಕ್ಕೆ ಏನಿತ್ತೆಂದೂ ಬರೆಯುತ್ತಿದ್ದವಳು ಅಂದು ಮಾತ್ರ ಯಾಕೆ ಬರೆಯಲಿಲ್ಲವೋ.

ಅಡುಗೆಮನೆಯಲ್ಲಿ ಇಬ್ಬರಿದ್ದರು: ಕಾಯಿ ತುರಿಯುತ್ತಿದ್ದ ಮಗುವಿನ ತಾಯಿ ಮತ್ತು ಅವಳ ಅತ್ತೆ. ತಾಯಿಯ ಬೆರಳಿನಿಂದ ರಕ್ತ ತೆಗೆದು ಗಾಜಿನ ಮೇಲಿಟ್ಟೆ. ಅದನ್ನು ಮೈಬಿಸಿಯಲ್ಲೇ ಇಡಬೇಕು. ಬಚ್ಚಲ ಹಂಡೆಯ ನೀರು ತಂದು ಥರ್ಮಾಮೀಟರ್ ಅದ್ದುತ್ತ ತಣ್ಣೀರು ಬೆರೆಸತೊಡಗಿದೆ. ಅತ್ತೆ ನನ್ನನ್ನು ಸರಿಸಿ ಮೊಣಕೈ ಅದ್ದಿದರು.

"ಸಾಕು. ಕೂಸಿಗೆ ಎರೆಯೋ ಹದ."

ಥರ್ಮಾಮೀಟರ್ ಮೂವತ್ತೇಳು ತೋರಿಸುತ್ತಿತ್ತು. ಸ್ಲೈಡಿನ ಡಬ್ಬಿಯನ್ನು ಅದರಲ್ಲಿ ತೇಲಿಬಿಟ್ಟೆ.

"ಗಂಡಸರ ಹೆಸ್ರೆಲ್ಲ ಬರ್ಕೊಂಡ್ರಾ ಡಾಕ್ಟ್ರಮ್ಮ?" ಎಂದರು ಅತ್ತೆ. ನಾನು ಡಾಕ್ಟರಲ್ಲ ಎಂದರೂ ಕೇಳುತ್ತಿರಲಿಲ್ಲ. "ಅವರೇನು ಹೆತ್ತಿದಾರಾ? ಆ ತೊಟ್ಲು ನೋಡಿ ಮೊದ್ಲು."

ಅಟ್ಟದ ಮೇಲೆ ಹಳೆಯ ಮರದ ತೊಟ್ಟಿಲೊಂದು ಬೋರಲು ಬಿದ್ದಿತ್ತು. ಸೊಸೆಯ ಅಜ್ಜಿಯದು. ಅಣೆಕಟ್ಟಿನ ಮುಳುಗಡೆಯಲ್ಲಿ ಅಜ್ಜಿಯ ಊರು ನೀರಿನಡಿ ಹೋದಾಗ ಅಲ್ಲಿಂದ ಉಳಿದದ್ದು ಅದೊಂದೇ. ಅಜ್ಜಿಯ ಹೆಣ್ಣುಮಕ್ಕಳು ಹೆತ್ತಾಗಲೆಲ್ಲ ಅದು ದೋಣಿಯಲ್ಲಿ, ಬಸ್ಸಿನ ತಲೆಯ ಮೇಲೆ ಮನೆಯಿಂದ ಮನೆಗೆ ಹೋಗಿತ್ತು. ಮೊದಲ ಮೊಮ್ಮಗ ತೀರಿಕೊಂಡ ವರ್ಷ ಅತ್ತೆ ಅದರ ಜಾತಕವನ್ನೆಲ್ಲ ವಿಚಾರಿಸಿದ್ದರು.

"ಮೊದ್ಲು ತುಮರಿಗೆ ಹೋಯ್ತು, ಇವಳ ದೊಡ್ಡಮ್ಮನ ಮನೆಗೆ. ಎರಡು ಗಂಡು ಹೋದ್ವು. ಇಕ್ಕೇರಿ ಚಿಕ್ಕಮ್ಮಂಗೆ ಮೂರೂ ಹೆಣ್ಣು, ಗುಂಡುಕಲ್ಲಿನ ಹಂಗಿದಾವೆ. ಮೇಳಿಗೇಲಿ ಇವಳ ಅಮ್ಮಂಗೆ ಒಂದು ಗಂಡು ಹೋಯ್ತು. ಇವಳು, ಇವಳ ತಂಗಿ ಉಳಿದ್ರು. ಆಮೇಲೆ ಇಲ್ಲಿಗೆ ಬಂತು. ಗಂಡು ಕೂಸು ತಿನ್ನೋ ತೊಟ್ಲು ಅದು."

ನನ್ನ ಪುಸ್ತಕದಲ್ಲಿ ಗೆರೆ ಎಳೆಯುತ್ತ ಹೋದೆ. ಪ್ರೊಫೆಸರರಿಗೆ ಜಗಲಿಯಲ್ಲಿ ಸಿಗದ ವಂಶವೃಕ್ಷ ಇಲ್ಲಿತ್ತು, ತಪ್ಪೊಂದೂ ಇಲ್ಲದೆ. ಕಿಟಕಿಯ ಬಿಸಿಲಿಗೆ ಮೈಕ್ರೋಸ್ಕೋಪಿನ ಕನ್ನಡಿ ತಿರುಗಿಸಿ ತಾಯಿಯ ಸ್ಲೈಡು ನೋಡಿದೆ. ಅರ್ಧ ನೀಲಿ, ಅರ್ಧ ಅಲ್ಲ. ಪುಸ್ತಕದಲ್ಲಿ ಓದಿದ್ದು ಕಣ್ಣೆದುರಿಗೆ ಬಂದಾಗ ಆಗುವ ಖುಷಿ ಇದೆಯಲ್ಲ, ಅದು ಮನುಷ್ಯರನ್ನು ಕುರುಡು ಮಾಡುತ್ತದೆ.

"ತೊಟ್ಲಲ್ಲಿ ಎಂತದೂ ಇಲ್ಲ ಅಮ್ಮ," ಎಂದೆ. "ಇದು ತಾಯಿ ರಕ್ತದಿಂದ ಬರೋದು."

ಕಾಯಿ ತುರಿಯುವ ಸದ್ದು ನಿಂತಿತು. ಆ ಹುಡುಗಿಗೆ ನನ್ನದೇ ವಯಸ್ಸು. ಅವಳು ನನ್ನನ್ನು ನೋಡಲಿಲ್ಲ, ಅತ್ತೆಯನ್ನೂ ನೋಡಲಿಲ್ಲ. "ಅಂದ್ರೆ ಇಬ್ರಿಗೂ ನಾನೇ ಕೊಟ್ಟಿದ್ದಾ?" ಎಂದು ತುರಿಮಣೆಯನ್ನು ಕೇಳುವಂತೆ ಕೇಳಿದಳು. ಅಲ್ಲಿಯವರೆಗೆ ದೋಷವನ್ನೆಲ್ಲ ಹೊತ್ತು ಅಟ್ಟದಲ್ಲಿ ಬಿದ್ದಿದ್ದು ಒಂದು ಮರದ ಸಾಮಾನು. ನಾನು ಅದನ್ನು ಬಿಡಿಸಿ ಅವಳನ್ನು ಸಿಕ್ಕಿಸಿದ್ದೆ.

ಅತ್ತೆ ಬಾಗಿಲ ಕಡೆ ನೋಡಿದರು. "ಇದು ಜಗಲಿಗೆ ಗೊತ್ತಾ?"

"ಇಲ್ಲ."

"ಹಂಗಾರೆ ತೊಟ್ಲೇ ಇರ್ಲಿ."

"ಇವಳ ತಂಗಿಗಾದ್ರೂ ಗೊತ್ತಾಗ್ಬೇಕಲ್ಲ ಅಮ್ಮ? ನಾಳೆ ಅವಳಿಗೆ ಮದುವೆ ಮಾಡಿದ್ರೆ?"

"ಗೊತ್ತಾಗ್ತದೆ. ಹೆಂಗಸರ ಮಾತು ಹೋಗಕ್ಕೆ ಬೇರೆ ದಾರಿ ಇದೆ ಮಾರಾಯ್ತಿ. ನೀ ಸುಮ್ನಿರು." ಡಾಕ್ಟ್ರಮ್ಮ ಅನ್ನುವುದು ಅಲ್ಲಿಗೆ ಮುಗಿದಿತ್ತು.

ಊಟದ ನಂತರ ಪ್ರೊಫೆಸರರು ಜಗಲಿಯಲ್ಲಿ ಮಗುವಿನ ಆರೈಕೆ ವಿವರಿಸಿದರು. ದಿನವೂ ಮಾತ್ರೆ ತಪ್ಪಬಾರದು, ಗೊಬ್ಬರಗುಂಡಿ, ಹಳೆ ಹುಲ್ಲು, ಕೊಳೆತ ಸೊಪ್ಪಿನ ಹತ್ತಿರ ಬಿಡಬಾರದು. ಯಜಮಾನರು ಎಲ್ಲ ಕೇಳಿ, "ಬಂದಿದ್ದು ಎಲ್ಲಿಂದ?" ಎಂದರು.

ಪ್ರೊಫೆಸರರು ಬಾಯಿ ತೆರೆಯುವ ಮೊದಲೇ ಬಾಗಿಲ ಹಿಂದಿನಿಂದ ಅತ್ತೆಯ ದನಿ ಬಂತು: "ಇನ್ನೆಲ್ಲಿಂದ, ಆ ತೊಟ್ಲಿಂದ. ಅದನ್ನ ಒಡೆದು ಒಲೆಗೆ ಹಾಕಿ ಅಂತ ಎಷ್ಟು ಸಲ ಬಡ್ಕೊಂಡೆ."

"ಹುಟ್ಟುವಾಗಲೇ ಬಂದದ್ದು. ಯಾರ ತಪ್ಪೂ ಅಲ್ಲ," ಎಂದಷ್ಟೇ ಹೇಳಿದರು ಪ್ರೊಫೆಸರರು. ಊಟಕ್ಕೆ ಕೂರುವಾಗ ನಾನು ಅವರ ಕಿವಿಯಲ್ಲಿ ಎಲ್ಲ ಹೇಳಿದ್ದೆ, ಹಾಗಾಗಿ ಅವರು ಮಾತು ನುಂಗಿದರು ಎಂಬುದು ನನ್ನ ನೆನಪು. ಎಷ್ಟೋ ವರ್ಷದ ನಂತರ ಕೇಳಿದಾಗ ಅವರು ನಕ್ಕರು. "ನೀವೇನೂ ಹೇಳಲಿಲ್ಲ. ನಾನು ಎಲ್ಲ ಮನೆಯಲ್ಲೂ ಹಾಗೇ ಹೇಳೋದು." ನನ್ನ ತಪ್ಪನ್ನು ನಾನೇ ತಿದ್ದಿದೆನೆಂಬ ಸಮಾಧಾನವೂ ಹೀಗೆ ಕೈಬಿಟ್ಟಿತು. ತಿದ್ದಿದ್ದು ಆ ಅತ್ತೆ.

ನಾಲ್ಕು ತಿಂಗಳ ನಂತರ ಮತ್ತೆ ಹೋದೆವು. ಮಗುವಿಗೆ ಹೊಸ ಗಡ್ಡೆ ಬಂದಿರಲಿಲ್ಲ. ಸೊಸೆ ಬಾಗಿಲಲ್ಲೇ ನಿಂತು "ಬಂದ್ರಾ" ಎಂದಳು. ಅಟ್ಟದಲ್ಲಿ ತೊಟ್ಟಿಲಿರಲಿಲ್ಲ, ಯಜಮಾನರು ಆಳಿನಿಂದ ಒಡೆಸಿದ್ದರಂತೆ. ಇನ್ನೊಂದು ಸಂಬಂಧದ ಮಾತು ಯಾರೂ ಎತ್ತಲಿಲ್ಲ.

ಒಳಗೆ ಮೇಳಿಗೆಯಿಂದ ತಂಗಿ ಬಂದು ಕೂತಿದ್ದಳು. ಗಂಡಸರ ಪಾಲಿಗೆ ಅವಳು ಮಗು ನೋಡಲು ಬಂದವಳು. ನನ್ನ ಮುಂದೆ ಬೆರಳು ಚಾಚಿ, "ತೊಟ್ಲಿನ ವಿಷ್ಯಕ್ಕೆ ಬಂದೆ" ಎಂದಳು.

ನೀರು ಕಾಯಿಸಲು ಅತ್ತೆ ಬಚ್ಚಲ ಒಲೆಗೆ ಸೌದೆ ತಳ್ಳಿದರು. ಅದರಲ್ಲಿ ಕಡೆದ ಕಾಲಿನಂಥ ಒಂದು ತುಂಡಿತ್ತು ಎಂದು ನನಗೆ ಖಚಿತವಾಗಿ ನೆನಪಿದೆ. ಇಷ್ಟು ಖಚಿತವಾಗಿರುವುದರಿಂದಲೇ ಅನುಮಾನ. ಡೈರಿಯಲ್ಲಿರುವುದು ಇಷ್ಟೇ: ನೀರು ಬೇಗ ಕಾಯಿತು. ಅವರು ಮೊಣಕೈ ಅದ್ದಿ ಹದ ನೋಡಿದರು, ನಾನು ಥರ್ಮಾಮೀಟರ್ ತೆಗೆಯಲಿಲ್ಲ. ತಂಗಿಯ ಸ್ಲೈಡನ್ನು ಕಿಟಕಿಯ ಬಳಿ ಮೈಕ್ರೋಸ್ಕೋಪಿಗೆ ಇಟ್ಟಾಗ ಮೊದಲು ಅವರೇ ಬಗ್ಗಿ ಒಂದು ಕಣ್ಣು ಮುಚ್ಚಿ ನೋಡಿದರು, ಬಹಳ ಹೊತ್ತು.

"ಎಲ್ಲಾ ನೀಲಿ," ಎಂದರು. "ನೀ ಒಂದ್ಸಲ ನೋಡು."

ನಾನು ಎರಡು ಸಲ ನೋಡಿದೆ.