ರಚನೆ: ಶ್ರೀ ರಾಮಪ್ರಸಾದ

ಪೀಣ್ಯದ ಸರ್ಕಾರಿ ಕಾರ್ಖಾನೆಯೊಂದರಿಂದ ಸ್ವಯಂ ನಿವೃತ್ತಿ ಪಡೆದು ಮನೆ ಸೇರಿದ ರಾಮಪ್ರಸಾದರು ಮೊದಲ ವಾರದಲ್ಲೇ ಎರಡು ತೀರ್ಮಾನ ಮಾಡಿದರು. ದಿನಾ ಬೆಳಿಗ್ಗೆ ಎರಡು ಸಲ ಕಾಫಿ ಕುಡಿಯುವುದು ಒಂದು, ವೆಬ್‌ಸೈಟ್ ಮಾಡಲು ಕಲಿಯುವುದು ಇನ್ನೊಂದು. ಮೊದಲನೆಯದು ಸುಸೂತ್ರವಾಗಿ ನಡೆಯಿತು, ಏಕೆಂದರೆ ಕಾಫಿ ಮಾಡುವವಳು ಹೆಂಡತಿ ಅಮ್ಮಣ್ಣಿ.

ಎರಡನೆಯದಕ್ಕೆ ದಾಸರಹಳ್ಳಿಯಲ್ಲಿ ಬೇಕರಿಯ ಮೇಲಿದ್ದ ಕಂಪ್ಯೂಟರ್ ಕ್ಲಾಸಿಗೆ ಮೂರು ತಿಂಗಳ ಫೀಸು ಕಟ್ಟಿ ಬಂದರು. ಮೂರು ದಿನ ಹೋದರು. ನಾಲ್ಕನೆಯ ದಿನ, ಮಗಳ ವಯಸ್ಸಿನ ಟೀಚರ್ ಸುಕೃತಿ ಎಲ್ಲರೆದುರು, "ಅಂಕಲ್, ಮೌಸ್ ಉಲ್ಟಾ ಹಿಡ್ಕೊಂಡಿದ್ದೀರ" ಅಂದುಬಿಟ್ಟಳು. ಕುಣಿಯಲಾರದವಳಿಗೆ ನೆಲ ಡೊಂಕು. "ಅಲ್ಲಿ ಪಾಠ ಸರಿಯಿಲ್ಲ ಕಣೇ" ಎಂದು ಮನೆಯಲ್ಲಿ ಸಾರಿದರು. ಕಟ್ಟಿದ ಫೀಸು ವಾಪಸ್ ಬರುವುದಿಲ್ಲವೆಂದು ತಿಳಿದಾಗ, "ಸುಮ್ನೆ ಹಾಳಾಗತ್ತೆ, ನೀನಾದ್ರೂ ಹೋಗಿ ಕೂತ್ಕೊಂಡು ಬಾ" ಎಂದರು. ರಾತ್ರಿ ಮಿಕ್ಕ ಅನ್ನ ಬೆಳಿಗ್ಗೆ ಚಿತ್ರಾನ್ನವಾಗುವಂತೆ, ಗಂಡನಿಗೆ ಬೇಡವಾದ ವಿದ್ಯೆ ಅಮ್ಮಣ್ಣಿಯ ಪಾಲಿಗೆ ಬಂತು.

ಐವತ್ತೊಂದು ವರ್ಷದ ಅಮ್ಮಣ್ಣಿ ಹೋದಳು, ಕೂತಳು, ಆದರೆ ಸುಮ್ಮನೆ ಎದ್ದು ಬರಲಿಲ್ಲ. ಅಲ್ಲಿ ಕಲಿಸುತ್ತಿದ್ದದ್ದು ವೆಬ್‌ಸೈಟ್ ಕಟ್ಟಲು ಬಳಸುವ ಜೂಮ್ಲಾ ಎಂಬ ತಂತ್ರಾಂಶ. ಯಾರು ಬೇಕಾದರೂ ಪುಕ್ಕಟೆಯಾಗಿ ಇಳಿಸಿಕೊಳ್ಳಬಹುದು, ಒಳಗೆ ಏನಿದೆಯೆಂದು ಬಿಚ್ಚಿ ನೋಡಬಹುದು, ತಿದ್ದಬಹುದು. ಪುಕ್ಕಟೆ ಎಂಬುದಕ್ಕಿಂತ ಬಿಚ್ಚಿ ನೋಡಬಹುದು ಎಂಬುದೇ ಅವಳಿಗೆ ಹಿಡಿಸಿತು. ಮನೆಯಲ್ಲಿ ರೇಡಿಯೋ ಬಿಚ್ಚುವ ಹಕ್ಕೂ ಗಂಡನದೇ ಆಗಿತ್ತು. ಪುಟದ ಹೊರ ವಿನ್ಯಾಸವಾದ ಟೆಂಪ್ಲೇಟ್ ಎಂದರೇನೆಂದು ಸುಕೃತಿ ಇಂಗ್ಲಿಷಿನಲ್ಲಿ ಅರ್ಧ ಗಂಟೆ ವಿವರಿಸಿದ ಮೇಲೆ ಅಮ್ಮಣ್ಣಿ, "ಅಂದ್ರೆ ಸೀರೆ ಇದ್ದಂಗೆ. ಎಷ್ಟು ಸೀರೆ ಬದಲಾಯಿಸಿದ್ರೂ ಉಟ್ಟೋಳು ಅವಳೇ" ಎಂದಳು. ಮರುದಿನದಿಂದ ಸುಕೃತಿ ಎಲ್ಲ ಬ್ಯಾಚಿಗೂ ಅದನ್ನೇ ಹೇಳಿಕೊಟ್ಟಳು.

ಅಷ್ಟರಲ್ಲಿ ಬಡಾವಣೆಯ ಕನ್ನಡ ಸಂಘಕ್ಕೆ ವೆಬ್‌ಸೈಟ್ ಬೇಕಾಯಿತು. ಅದು ಎರಡು ಸಾವಿರದ ಎಂಟನೆಯ ಇಸವಿ, ಪಕ್ಕದ ಬಡಾವಣೆಯವರು ಆಗಲೇ ಮಾಡಿಸಿಬಿಟ್ಟಿದ್ದರು. ಸಂಘದ ಅಧ್ಯಕ್ಷ ಹನುಮಂತರಾಯಪ್ಪ ಸಭೆಯಲ್ಲಿ ಯಾರು ಮಾಡುತ್ತೀರಿ ಎಂದು ಕೇಳಿದಾಗ ರಾಮಪ್ರಸಾದರು ಕೈ ಎತ್ತಿದರು. ಮನೆಗೆ ಬಂದು ಅಮ್ಮಣ್ಣಿಗೆ ಹೇಳಿದರು.

ಕನ್ನಡಕ್ಕಾಗಿ ಪ್ರಾಣ ಕೊಡುತ್ತೇವೆ ಎನ್ನುತ್ತಿದ್ದ ಸಂಘದ ಹನ್ನೊಂದು ಪದಾಧಿಕಾರಿಗಳಲ್ಲಿ ಒಬ್ಬರೂ ಒಂದು ಪುಟ ಬರೆದು ಕೊಡಲಿಲ್ಲ. ಬಡಾವಣೆಯ ಹಳೆಯ ಕಥೆ, ಮುಚ್ಚಿಹೋದ ಬಾವಿ, ಮೊದಲ ಸಿಟಿ ಬಸ್ಸು ಬಂದ ದಿನ, ಎಲ್ಲವನ್ನೂ ಮುದುಕಿಯರನ್ನು ಕೇಳಿ ಕೇಳಿ ಅಮ್ಮಣ್ಣಿಯೇ ಬರೆದಳು, ಟೈಪ್ ಮಾಡಿದಳು, ಪುಟಕ್ಕೆ ಏರಿಸಿದಳು. ರಾಮಪ್ರಸಾದರು ಹಿಂದೆ ನಿಂತು ಬಣ್ಣದ ಬಗ್ಗೆ ಅಭಿಪ್ರಾಯ ಕೊಟ್ಟರು. ಕೊನೆಗೆ, "ಕೆಳಗಡೆ ದೊಡ್ಡದಾಗಿ ಹಾಕು, ರಚನೆ: ಶ್ರೀ ರಾಮಪ್ರಸಾದ" ಎಂದರು.

ಮನೆಗೆ ಬರುವ ಮದುವೆಯ ಕರೆಯೋಲೆಗಳ ಮೇಲೆ ಅಮ್ಮಣ್ಣಿ "ಶ್ರೀಮತಿ ಮತ್ತು ಶ್ರೀ ರಾಮಪ್ರಸಾದ". ಮನೆಯ ಬಾಗಿಲ ಫಲಕದಲ್ಲಿ ಅಷ್ಟೂ ಇಲ್ಲ. ತನ್ನ ಹೆಸರು ತನ್ನ ಕೆಲಸದ ಮೇಲೆ ಒಂದೇ ಒಂದು ಸಲ ಇರಬೇಕೆಂಬ ಆಸೆ ಮೂವತ್ತು ವರ್ಷದಲ್ಲಿ ಮೊದಲ ಬಾರಿಗೆ ಹುಟ್ಟಿತ್ತು. ಆದರೂ ಹೇಳಿದಂತೆ ಹಾಕಿದಳು. ಆದರೆ ಜೂಮ್ಲಾಕ್ಕೆ ಒಂದು ಅಭ್ಯಾಸವಿತ್ತು. ಯಾರು ಬರೆದರೋ ಅವರ ಹೆಸರನ್ನು ಪ್ರತಿ ಲೇಖನದ ತಲೆಬರಹದ ಕೆಳಗೆ ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ ತಾನೇ ತೋರಿಸುತ್ತಿತ್ತು. ಅದನ್ನು ಅಡಗಿಸುವುದು ಹೇಗೆಂದು ಸುಕೃತಿ ಕಲಿಸಿದ್ದಳು. ಅಮ್ಮಣ್ಣಿ ಅದೊಂದನ್ನು ಮಾತ್ರ ಮರೆತಳು.

ರಾಜ್ಯೋತ್ಸವದ ಬೆಳಿಗ್ಗೆ ಗಂಡನ ಕೈಗೆ ಪೆನ್‌ಡ್ರೈವ್ ಕೊಟ್ಟು, "ರೀ, ನಮ್ಮ ಕಂಪ್ಯೂಟರಲ್ಲಿರೋ ಕನ್ನಡ ಫಾಂಟು ಅಧ್ಯಕ್ಷರ ಲ್ಯಾಪ್‌ಟಾಪಲ್ಲಿ ಇರಲ್ಲ. ಇದರಲ್ಲಿರೋದನ್ನ ಮೊದ್ಲು ಅದಕ್ಕೆ ಹಾಕ್ಬೇಕು, ಇಲ್ದಿದ್ರೆ ಕನ್ನಡ ಅಕ್ಷರ ಎಲ್ಲ ಕಲಸುಮೇಲೋಗರ ಆಗತ್ತೆ" ಎಂದಳು.

"ನಂಗೆ ಪಾಠ ಮಾಡ್ಬೇಡ ಬಿಡೇ" ಎಂದು ಪೆನ್‌ಡ್ರೈವನ್ನು ಟಿವಿಯ ಮೇಲಿಟ್ಟು ರೇಷ್ಮೆ ಶಲ್ಯ ಹುಡುಕಲು ಹೋದರು. ಅಮ್ಮಣ್ಣಿ ಅದನ್ನು ತನ್ನ ಪರ್ಸಿಗೆ ಹಾಕಿಕೊಂಡಳು.

ಸಮುದಾಯ ಭವನ ತುಂಬಿತ್ತು. ಧ್ವಜವಾಯಿತು, ನಾಡಗೀತೆಯಾಯಿತು. ಮುಖ್ಯ ಅತಿಥಿ ಚಿಕ್ಕಮುನಿಯಪ್ಪನವರು ನಿವೃತ್ತ ಹೆಡ್‌ಮಾಸ್ತರು, ಕಂಡ ಅಕ್ಷರವನ್ನೆಲ್ಲ ಗಟ್ಟಿಯಾಗಿ ಓದದೆ ಬಿಡುವವರಲ್ಲ. ವೆಬ್‌ಸೈಟಿನ ಉದ್ಘಾಟನೆಗೆಂದು ಅವರು ಅಧ್ಯಕ್ಷರ ಲ್ಯಾಪ್‌ಟಾಪಿನ ಗುಂಡಿ ಒತ್ತಿದರು. ಪರದೆಯ ತುಂಬ ಮೂಡಿತು: PÀ£ÀßqÀ ¸ÀAWÀ.

ಮೇಲಿಂದ ಕೆಳಗಿನವರೆಗೂ ಅದೇ. ಒಂದಿಬ್ಬರು ಚಪ್ಪಾಳೆ ತಟ್ಟಿ ನಿಲ್ಲಿಸಿದರು. "ಇದು ಯಾವ ಭಾಷೆ ಕಣ್ರೀ?" ಎಂದು ಹನುಮಂತರಾಯಪ್ಪ ಪಿಸುಗುಟ್ಟಿದ್ದು ಮೈಕಿನಲ್ಲಿ ಇಡೀ ಭವನಕ್ಕೆ ಕೇಳಿತು. ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು, ಓದಲು ಬರುವಂಥದ್ದು ಏನಿದೆಯೆಂದು ಹುಡುಕಿ, ಸಿಕ್ಕಿದ್ದನ್ನು ಓದಿದರು. "ರಿಟನ್ ಬೈ ಅಮ್ಮಣ್ಣಿ. ಯಾರಪ್ಪ ಈ ಅಮ್ಮಣ್ಣಿ?"

ರಾಮಪ್ರಸಾದರು ಮೈಕಿಗೆ ಹಾರಿದರು. "ನಮ್ಮನೆಯವ್ಳು ಸಾರ್. ಎಲ್ಲಾ ಅವಳೇ ಮಾಡಿದ್ದು. ನಾನು ಇದರಲ್ಲಿ ಒಂದಕ್ಷರಾನೂ ಮುಟ್ಟಿಲ್ಲ ಸಾರ್!"

ಮೂವತ್ತು ವರ್ಷದ ಸಂಸಾರದಲ್ಲಿ ಅವರು ಹೆಂಡತಿಯ ಬಗ್ಗೆ ಇಷ್ಟು ಪ್ರಾಮಾಣಿಕವಾಗಿ ಮಾತಾಡಿದ್ದು ಅದೇ ಮೊದಲು. ಅಮ್ಮಣ್ಣಿ ಹೆಂಗಸರ ಸಾಲಿನಿಂದ ಎದ್ದು, ಸೆರಗು ಸಿಕ್ಕಿಸಿ ವೇದಿಕೆ ಹತ್ತಿದಳು. ಮೈಕಿನ ಹತ್ತಿರ ನಿಂತಳು. "ಹಿಂದಿನೋರಿಗೆ ಕೇಳಿಸಿಲ್ವಂತೆ ರೀ. ಇನ್ನೊಂದ್ಸಲ ಹೇಳಿ."

"ಅಮ್ಮಣ್ಣಿನೇ ಮಾಡಿದ್ದು" ಎಂದರು ರಾಮಪ್ರಸಾದರು, ಬೆವರು ಒರೆಸಿಕೊಳ್ಳುತ್ತ.

ಅವಳು ಪರ್ಸಿನಿಂದ ಪೆನ್‌ಡ್ರೈವ್ ತೆಗೆದು ಲ್ಯಾಪ್‌ಟಾಪಿಗೆ ಸಿಕ್ಕಿಸಿ ಫಾಂಟ್ ಹಾಕಿದಳು. ಪುಟವನ್ನು ಮುಚ್ಚಿ ತೆರೆದಳು. ಪರದೆಯ ಮೇಲೆ ಕನ್ನಡ ಬಂತು, ಬಾವಿ ಬಂತು, ಸಿಟಿ ಬಸ್ಸು ಬಂತು. ಭವನಕ್ಕೆ ಭವನವೇ ಚಪ್ಪಾಳೆ ತಟ್ಟಿತು. ರಾಮಪ್ರಸಾದರು ಮೆಲ್ಲನೆ ಮತ್ತೆ ಮುಂದೆ ಬಂದು ಶಲ್ಯ ಸರಿಮಾಡಿಕೊಂಡರು.

ಮೇಷ್ಟ್ರು ಸುಮ್ಮನಿರಲಿಲ್ಲ. ತಲೆಬರಹದಿಂದ ಶುರುಮಾಡಿ ಕೊನೆಯ ಸಾಲಿನವರೆಗೂ ಓದಿದರು. "ರಚನೆ: ಶ್ರೀ ರಾಮಪ್ರಸಾದ. ಇದೇನಮ್ಮ, ನಿಮ್ಮ ಯಜಮಾನ್ರು ಒಂದಕ್ಷರಾನೂ ಮುಟ್ಟಿಲ್ಲ ಅಂದ್ರಲ್ಲ?"

"ಹೌದು ಸಾರ್" ಎಂದಳು ಅಮ್ಮಣ್ಣಿ. "ಅದನ್ನೂ ನಾನೇ ಬರೆದಿದ್ದು."